ಟುವ್ವಿ ಹಕ್ಕಿಗೆ ಎರಡನೇ ಮಸೂರ

ಮದ್ದೂರು ತಾಲ್ಲೂಕಿನ ಆತಗೂರು ಕಡೆ ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತರೆ ಟುವ್ವಿ ಹಕ್ಕಿಯ ದನಿ ಕಿವಿಗೆ ತಾನಾಗಿ ಬೀಳುತ್ತದೆ. ಅದರ ಸ್ಪಷ್ಟ ಚಿತ್ರ ಮಾತ್ರ ಹಾಗೆ ದಕ್ಕುವುದಿಲ್ಲ. ಕೊಕ್ಕಿನಿಂದ ಬಾಲದವರೆಗೆ ಅಳೆದರೂ ಹಕ್ಕಿ ಸುಮಾರು 13 ಸೆಂ.ಮೀ. ಹತ್ತು ಮೀಟರ್ ದೂರದಿಂದ 400 ಮಿ.ಮೀ. ಲೆನ್ಸ್ ಹಿಡಿದರೂ ಸೆನ್ಸರಿನ ಮೇಲೆ ಬೀಳುವ ಬಿಂಬ 5 ಮಿ.ಮೀ. ದಾಟುವುದು ಅಷ್ಟಕ್ಕಷ್ಟೆ. ಈ ಬಿಂಬವನ್ನು ಹಿಗ್ಗಿಸುವ ಉಪಾಯಕ್ಕೆ ನಾನೂರು ವರ್ಷ ದಾಟಿದೆ.

1611ರಲ್ಲಿ ಯೊಹಾನೆಸ್ ಕೆಪ್ಲರ್ ‘ಡಯೋಪ್ಟ್ರಿಸೆ’ ಗ್ರಂಥದಲ್ಲಿ ಅದರ ತತ್ವ ವಿವರಿಸಿದ. ಪೀನ ಮಸೂರ ದಾಟಿದ ಕಿರಣಗಳು ಒಂದೆಡೆ ಸೇರುವ ಮುನ್ನವೇ ನಿಮ್ನ ಮಸೂರ ಅಡ್ಡ ಇಟ್ಟರೆ ಅವು ಇನ್ನಷ್ಟು ಹಿಂದೆ ಹೋಗಿ ಸೇರುತ್ತವೆ, ಬಿಂಬ ದೊಡ್ಡದಾಗುತ್ತದೆ. ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೊ 1830ರ ದಶಕದಲ್ಲಿ ಇದನ್ನು ದೂರದರ್ಶಕಕ್ಕೆ ಅಳವಡಿಸಿದ. ಅಂಚಿನಲ್ಲಿ ಬಣ್ಣ ಚೆದುರದಂಥ ಮಸೂರವನ್ನು ಜಾರ್ಜ್ ಡಾಲಂಡ್ ಮಾಡಿಕೊಟ್ಟ. 1891ರಲ್ಲಿ ಲಂಡನ್ನಿನ ಥಾಮಸ್ ಡಾಲ್‌ಮೇಯರ್, ಜರ್ಮನಿಯ ಅಡೋಲ್ಫ್ ಮೀಥೆ ಮತ್ತು ಸ್ಟೈನ್‌ಹೈಲ್, ಬೇರೆ ಬೇರೆಯಾಗಿಯೇ ಅದನ್ನು ಕ್ಯಾಮೆರಾಕ್ಕೆ ತಂದರು. ಹೀಗೆ ಟೆಲಿಫೋಟೋ ಹುಟ್ಟಿತು. ಇಂದಿನ ಟೆಲಿಕನ್ವರ್ಟರ್ ಕೂಡ ಅದೇ ವಂಶದ್ದು: ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂತು, ಒಟ್ಟಾರೆ ನಿಮ್ನ ಮಸೂರದಂತೆ ಕೆಲಸ ಮಾಡುವ ಮಸೂರಗಳ ಗುಂಪು.

ಆದರೆ ಈ ಗಾಜು ಹೊಸ ಬೆಳಕನ್ನೇನೂ ತರುವುದಿಲ್ಲ, ಇದ್ದ ಬೆಳಕನ್ನೇ ಹರಡುತ್ತದೆ. 1.4 ಪಟ್ಟು ಹಿಗ್ಗಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ, 2 ಪಟ್ಟಾದರೆ ಕಾಲು ಭಾಗ. ಅಪರ್ಚರ್ ಎಫ್/5.6 ಇದ್ದದ್ದು ಎಫ್/8 ಅಥವಾ ಎಫ್/11 ಆಗುತ್ತದೆ. ಷಟರ್ ವೇಗ ಸೆಕೆಂಡಿನ 1/1000 ಸಿಗುತ್ತಿದ್ದ ಕಡೆ ಐಎಸ್‌ಒ ಏರಿಸದಿದ್ದರೆ 1/500 ಅಥವಾ 1/250. ಬಿಂಬದ ಜೊತೆ ಕೈನಡುಕ, ಮುಂದಿನ ಲೆನ್ಸಿನ ದೋಷ, ಬಿಸಿಲೇರಿದಾಗ ಗದ್ದೆಯ ಮೇಲೆ ತೇಲಾಡುವ ಗಾಳಿಯ ಅಲೆ ಎಲ್ಲವೂ ಹಿಗ್ಗುತ್ತವೆ.

ಹಾಗಾಗಿ ಗಾಜೊಂದೇ ಸಾಲದು. ದೊಡ್ಡ ಬಿಂಬದ ಹುಡುಕಾಟದ ಇನ್ನೊಂದರ್ಧವನ್ನು, ಅಂದರೆ ಹಕ್ಕಿಗೆ ಹತ್ತಿರವಾಗುವ ದಾರಿಯನ್ನು, ಕಂಡುಕೊಂಡವರು ಗಾಜು ಅರೆಯುವವರಲ್ಲ, ಹಕ್ಕಿ ಕಾಯುವವರು. 1890ರ ದಶಕದಲ್ಲಿ ಹಕ್ಕಿಗೂಡುಗಳ ಚಿತ್ರ ತೆಗೆಯತೊಡಗಿದ ಇಂಗ್ಲೆಂಡಿನ ಕಿಯರ್ಟನ್ ಸಹೋದರರು ಮುಂದೆ ಪೊಳ್ಳು ಎತ್ತಿನ ಬೊಂಬೆಯೊಳಗೂ ಅಡಗಿ ಕುಳಿತರು. ಲೆಕ್ಕ ಅವರ ಪರವಾಗಿದೆ. ಹತ್ತು ಮೀಟರ್‌ನಿಂದ 1.4 ಕನ್ವರ್ಟರ್ ಕೊಡುವ ಬಿಂಬ ಸುಮಾರು 7 ಮಿ.ಮೀ. ಕನ್ವರ್ಟರ್ ಇಲ್ಲದೆ ಏಳು ಮೀಟರ್‌ಗೆ ಸರಿದರೂ ಅಷ್ಟೇ ದೊಡ್ಡ ಬಿಂಬ, ಬೆಳಕಿನ ನಷ್ಟವಿಲ್ಲದೆ! ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ, ಬೆಂಗಳೂರಿನಲ್ಲಿ ಟಿ.ಎನ್.ಎ. ಪೆರುಮಾಳ್ ಅವರಂಥವರು ನಮ್ಮಲ್ಲಿ ಹಕ್ಕಿ ಛಾಯಾಗ್ರಹಣವನ್ನು ಬೆಳೆಸಿದ್ದೂ ಕಾಯುವ ತಾಳ್ಮೆಯಿಂದಲೇ.

ಹಾಗಾದರೆ ಕನ್ವರ್ಟರ್ ಬೇಡವೆ? ಬೇಕು, ಅದರ ಸರದಿ ಬಂದಾಗ. ಬೆಳಗಿನ ಬಿಸಿಲು ಬೆನ್ನಿಗಿರಲಿ, ಲೆನ್ಸಿಗೆ ಆಸರೆ ಇರಲಿ, ಫೋಕಸ್ ಹಕ್ಕಿಯ ಕಣ್ಣಿನ ಮೇಲಿರಲಿ. ಬದುವಿನಲ್ಲಿ ನಿಧಾನವಾಗಿ ಸರಿಯುತ್ತಾ ಹೋಗಿ. ಗೂಡಿದ್ದರೆ ಅತ್ತ ಸುಳಿಯಲೇಬೇಡಿ. ಹಾಡು ನಿಂತರೆ ಒಂದೆರಡು ಹೆಜ್ಜೆ ಹಿಂದೆ ಬನ್ನಿ. ಎಷ್ಟು ಹತ್ತಿರ ಎಂದು ಹೇಳುವ ಹಕ್ಕು ಹಕ್ಕಿಯದು. ಅದು ಒಪ್ಪಿದ ಅಂತರದಾಚೆಗೆ ಉಳಿದ ಕೊರತೆಯನ್ನು ತುಂಬುವುದಷ್ಟೇ ಎರಡನೇ ಮಸೂರದ ಕೆಲಸ.