ವಸ್ತುಸಂಗ್ರಹಾಲಯದ ವಿದ್ಯೆ

ಹಳೆಯ ಮನೆಗಳ ಅಟ್ಟವನ್ನು ಹತ್ತಿ ನೋಡಿದವರಿಗೆ ಒಂದು ಅನುಭವವು ಆಗಿಯೇ ಇರಬೇಕು. ಧೂಳು ಹಿಡಿದ ಮರದ ಪೆಟ್ಟಿಗೆ. ಅದರೊಳಗೆ ಸವೆದ ಚೆನ್ನೆಮಣೆಯೊಂದು, ದಾರ ಕಡಿದ ತಾಳೆಗರಿಯ ಕಟ್ಟೊಂದು, ಮಡಿಕೆಯಲ್ಲಿಯೇ ಸೀಳಿದ ಜರಿಯ ಸೀರೆಯೊಂದು. ಇವು ಯಾರವು, ಎಲ್ಲಿಂದ ಬಂದುವು ಎಂದು ಕೇಳಿದರೆ ಹೇಳುವವರಿಲ್ಲ. ಹೇಳಬಲ್ಲವರಾಗಿದ್ದ ಹಿರಿಯರು ತೀರಿಹೋಗಿರುವರು. ವಸ್ತುವು ಉಳಿದಿದೆ, ಅದರ ವೃತ್ತಾಂತವು ಅಳಿದಿದೆ. ಹೀಗಾದ ಮೇಲೆ ಆ ಪೆಟ್ಟಿಗೆಯು ಹಳೆಯ ಸಾಮಾನಿನ ವ್ಯಾಪಾರಿಯ ಪಾಲಾಗುವುದಕ್ಕೆ ಹೆಚ್ಚು ದಿನ ಹಿಡಿಯುವುದಿಲ್ಲ.

ಇದಕ್ಕೆ ಪ್ರತಿಯಾದ ಒಂದು ನಿದರ್ಶನವನ್ನು ನೋಡೋಣ. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯವು 1865ರಲ್ಲಿ ಸ್ಥಾಪಿತವಾದುದು. ಮಂಡ್ಯದ ಸೀಮೆಯ ಆತಕೂರಿನ ವೀರಗಲ್ಲು ಅದರ ಸಂಗ್ರಹಕ್ಕೆ ಸೇರಿದೆ. ಅದರ ಮೇಲೆ ನಾಯಿಯೊಂದು ಹಂದಿಯೊಡನೆ ಹೋರಾಡುವ ಚಿತ್ರವಿದೆ. ಬರಿಯ ಚಿತ್ರವೇ ಇದ್ದಿದ್ದರೆ ಯಾರೋ ಬೇಟೆಗಾರನ ವಿನೋದವೆಂದು ಮುಂದೆ ಸಾಗುತ್ತಿದ್ದೆವು. ಆದರೆ ಕಲ್ಲಿನಲ್ಲಿ ಕನ್ನಡದ ಬರವಣಿಗೆಯೂ ಇದೆ. ಕ್ರಿ. ಶ. 949ರ ತಕ್ಕೋಲದ ಯುದ್ಧದ ಕಾಲದಲ್ಲಿ ಮಣಲೇರನೆಂಬ ವೀರನು ತನ್ನ ಒಡೆಯನಿಂದ ಬೇಡಿ ಪಡೆದ ನಾಯಿಯ ಹೆಸರು ಕಾಳಿ. ಅದು ದೊಡ್ಡದೊಂದು ಹಂದಿಯೊಡನೆ ಕಾದಾಡಿ ಅದರೊಡನೆಯೇ ಮಡಿಯಿತು. ಸಾವಿರ ವರ್ಷಗಳಾಚೆಯ ಒಂದು ನಾಯಿಯ ಹೆಸರನ್ನು ನಾವಿಂದು ಬಲ್ಲೆವು. ಆ ಕಲ್ಲು ತನ್ನ ಕಥೆಯನ್ನು ತಾನೇ ಹೊತ್ತುಕೊಂಡು ಬಂದಿತು. ಎಲ್ಲ ವಸ್ತುಗಳಿಗೂ ಈ ಭಾಗ್ಯವಿರುವುದಿಲ್ಲ. ಮಿಕ್ಕವುಗಳ ಕಥೆಯನ್ನು ಮನುಷ್ಯರೇ ಬರೆದಿಡಬೇಕು.

ಹಾಗೆ ಬರೆದಿಡುವುದನ್ನು, ಬರೆದುದನ್ನು ಕಾಪಾಡುವುದನ್ನು, ಜನರಿಗೆ ತಿಳಿಸುವುದನ್ನು ಕಲಿಸುವ ವಿದ್ಯೆಯೇ ಸಂಗ್ರಹಾಲಯಶಾಸ್ತ್ರ. ಬಡೋದೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯವು 1952ರಲ್ಲಿ ಇದಕ್ಕಾಗಿಯೇ ಒಂದು ವಿಭಾಗವನ್ನು ತೆರೆಯಿತು. ಅದೇ ಊರಿನಲ್ಲಿ ಈಜಿಪ್ಟಿನ ಮಮ್ಮಿ, ನೀಲಿ ತಿಮಿಂಗಿಲದ ಅಸ್ಥಿಪಂಜರ, ಯೂರೋಪಿನ ಚಿತ್ರಗಳು, ಇವೆಲ್ಲವನ್ನೂ ಒಳಗೊಂಡ ದೊಡ್ಡ ಸಂಗ್ರಹಾಲಯವಿರುವುದು ವಿದ್ಯಾರ್ಥಿಗಳ ಪುಣ್ಯವೆಂದೇ ಹೇಳಬೇಕು. ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ 1959ರಲ್ಲಿ ಈ ಪಾಠವು ಮೊದಲಾಯಿತು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಆಶ್ರಯದಲ್ಲಿ 1989ರಲ್ಲಿ ಇನ್ನೊಂದು ವಿದ್ಯಾಸಂಸ್ಥೆ ಹುಟ್ಟಿತು.

ಅಲ್ಲಿ ಕಲಿಸುವುದೇನು? ಮೊದಲನೆಯದು ದಾಖಲೆ. ಸಂಗ್ರಹಾಲಯಕ್ಕೆ ಬಂದ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆಯನ್ನು ಕೊಡತಕ್ಕದ್ದು. ಆ ಸಂಖ್ಯೆಯ ಮುಂದೆ ಅದು ಯಾವ ಊರಿನಿಂದ, ಯಾರಿಂದ, ಯಾವ ದಿನ ಬಂದಿತು, ಅಳತೆಯೆಷ್ಟು, ಎಲ್ಲಿ ಮುಕ್ಕಾಗಿದೆ ಎಂಬುದೆಲ್ಲ ಬರೆದಿರಬೇಕು. ಸಂಖ್ಯೆಯನ್ನು ವಸ್ತುವಿನ ಮೇಲೆ ನೇರವಾಗಿ ಬರೆಯುವಂತಿಲ್ಲ. ಕಾಣದೆಡೆಯಲ್ಲಿ ತೆಳುವಾದ ಮೆರುಗೆಣ್ಣೆಯ ಲೇಪವನ್ನು ಕೊಟ್ಟು ಅದರ ಮೇಲೆ ಬರೆಯುವರು. ಬೇಕಾದಾಗ ಅದನ್ನು ಒರೆಸಿ ತೆಗೆಯಬಹುದು. ಮಾಡಿದ್ದನ್ನು ಮುಂದಿನವರು ಬಿಡಿಸಬಲ್ಲಂತಿರಬೇಕೆಂಬುದೇ ಈ ವಿದ್ಯೆಯ ಧರ್ಮಸೂತ್ರ.

ಎರಡನೆಯದು ರಕ್ಷಣೆ. ಇಲ್ಲಿ ಇತಿಹಾಸವನ್ನು ಓದಿದವನಿಗೂ ರಸಾಯನಶಾಸ್ತ್ರದ ಪರಿಚಯವಾಗುತ್ತದೆ. ಬಟ್ಟೆ, ಕಾಗದ, ನೀರುಬಣ್ಣದ ಚಿತ್ರಗಳ ಮೇಲೆ 50 ಲಕ್ಸಿಗಿಂತ ಹೆಚ್ಚು ಬೆಳಕು ಬೀಳಬಾರದೆಂದು ನಿಯಮವುಂಟು; ಬಯಲಿನ ನಡುಹಗಲ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಎಂದರೆ ಅಂತರವು ತಿಳಿದೀತು. ಬೆಳಕಿನಿಂದ ಕಂದಿದ ಬಣ್ಣವು ಮರಳಿ ಬಾರದು. ಗಾಳಿಯ ತೇವವು ನೂರಕ್ಕೆ ಎಪ್ಪತ್ತನ್ನು ಮೀರಿ ನಿಂತರೆ ಬೂಷ್ಟು ಹಿಡಿಯುತ್ತದೆ. ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಮೂರನೆಯದು ಜನರೊಡನೆ ವ್ಯವಹಾರ. ಇದಕ್ಕೆ ಹೊಂದಿಕೊಂಡು ಬೆಳೆದುದು ಸಾರ್ವಜನಿಕ ಇತಿಹಾಸವೆಂಬ ವಿದ್ಯೆ. ಅಮೆರಿಕದ ಸಾಂತಾ ಬಾರ್ಬರಾದ ವಿಶ್ವವಿದ್ಯಾನಿಲಯದಲ್ಲಿ ರಾಬರ್ಟ್ ಕೆಲಿಯೆಂಬ ಪ್ರಾಧ್ಯಾಪಕರು 1976ರಲ್ಲಿ ಈ ಹೆಸರಿನ ವ್ಯಾಸಂಗವನ್ನು ಪ್ರಾರಂಭಿಸಿದರು. ಇತಿಹಾಸವು ತರಗತಿಯ ಗೋಡೆಗಳೊಳಗೇ ಇರದೆ ಊರ ಜನರ ನಡುವೆ ಕೆಲಸಮಾಡಬೇಕೆಂಬುದು ಇದರ ಆಶಯ. ನಮ್ಮ ದೇಶದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯೆಂದರೆ ಅಮೃತಸರದ ಪುರಭವನದಲ್ಲಿ 2017ರಲ್ಲಿ ತೆರೆದ ದೇಶವಿಭಜನೆಯ ಸಂಗ್ರಹಾಲಯ. ಅಲ್ಲಿ ರಾಜರ ಕಿರೀಟಗಳಿಲ್ಲ. ಸಾಮಾನ್ಯ ಸಂಸಾರಗಳು ಕೊಟ್ಟ ಪಾತ್ರೆ, ಪತ್ರ, ಬಟ್ಟೆಗಳಿವೆ. ಮುದುಕರ ಬಾಯಿಂದ ಕೇಳಿ ಬರೆದುಕೊಂಡ ನೆನಪುಗಳಿವೆ. ಕಸೂತಿಯ ಒಂದು ಮೇಲಂಗಿಯೂ ತೊಗಲಿನ ಒಂದು ಕೈಪೆಟ್ಟಿಗೆಯೂ ಅಲ್ಲಿವೆ. ಅಂಗಿಯು ಒಬ್ಬ ಕನ್ಯೆಯದು, ಪೆಟ್ಟಿಗೆಯು ಆಕೆಗೆ ನಿಶ್ಚಯವಾಗಿದ್ದ ವರನದು. 1947ರ ಗಲಭೆಯಲ್ಲಿ ಇಬ್ಬರೂ ಬೇರೆಬೇರೆಯಾಗಿ ಓಡಿಬಂದು, ನಿರಾಶ್ರಿತರ ಶಿಬಿರದಲ್ಲಿ ಅಕಸ್ಮಾತ್ತಾಗಿ ಸಂಧಿಸಿ, ಮರುವರ್ಷ ಮದುವೆಯಾದರು. ಈ ಮಾತುಗಳನ್ನು ಯಾರೂ ಬರೆದಿಡದಿದ್ದರೆ ಅದೊಂದು ಹಳೆಯ ಅಂಗಿ, ಇದೊಂದು ಹಳೆಯ ಪೆಟ್ಟಿಗೆ, ಅಷ್ಟೆ.

ವಸ್ತುವೇ ನಾಶವಾದರೆ ಏನು ಗತಿ ಎಂದು ವಾಚಕರು ಕೇಳಬಹುದು. 2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಜಿಲ್ ದೇಶದ ರಿಯೋ ನಗರದಲ್ಲಿದ್ದ ರಾಷ್ಟ್ರೀಯ ಸಂಗ್ರಹಾಲಯವು ಬೆಂಕಿಗೆ ಆಹುತಿಯಾಯಿತು. ಅದು 1818ರಲ್ಲಿ ಹುಟ್ಟಿದುದು. ಇನ್ನೂರನೆಯ ವರ್ಷದಲ್ಲಿಯೇ ಈ ವಿಪತ್ತು. ಸುಮಾರು ಎರಡು ಕೋಟಿ ವಸ್ತುಗಳಲ್ಲಿ ಬಹುಭಾಗವು ಬೂದಿಯಾಯಿತು; ಕಾಡುಜನರ ಭಾಷೆಗಳ ಧ್ವನಿಮುದ್ರಿಕೆಗಳೂ ಸುಟ್ಟುಹೋದುವು. ಬೆಂಕಿಯು ಗಾಳಿಯನ್ನು ತಂಪುಗೊಳಿಸುವ ಒಂದು ಯಂತ್ರದಿಂದ ಹೊತ್ತಿತೆಂದು ವಿಚಾರಣೆಯಿಂದ ಗೊತ್ತಾಯಿತು. ಆಗ ಅದೇ ನಗರದ ಇನ್ನೊಂದು ವಿಶ್ವವಿದ್ಯಾನಿಲಯದಲ್ಲಿ ಸಂಗ್ರಹಾಲಯಶಾಸ್ತ್ರವನ್ನು ಓದುತ್ತಿದ್ದ ವಿದ್ಯಾರ್ಥಿಗಳು ಅಳುತ್ತ ಕುಳಿತುಕೊಳ್ಳಲಿಲ್ಲ. ಆ ಮಂದಿರಕ್ಕೆ ಹಿಂದೆ ಹೋಗಿದ್ದವರು ತೆಗೆದ ಛಾಯಾಚಿತ್ರಗಳನ್ನು ಕಳುಹಿಸಿಕೊಡಬೇಕೆಂದು ಜನರನ್ನು ಬೇಡಿಕೊಂಡರು. ಸಾವಿರಾರು ಚಿತ್ರಗಳು ಬಂದುವು. ಕಳೆದುದು ಹಿಂದಿರುಗಲಿಲ್ಲವಾದರೂ, ಏನೇನಿತ್ತೆಂಬ ನೆನಪಾದರೂ ಉಳಿಯಿತು. ಕಲಿತ ವಿದ್ಯೆಯು ಕಷ್ಟಕಾಲಕ್ಕೆ ಒದಗುವುದೆಂದರೆ ಹೀಗೆ.

ಮಕ್ಕಳು ಇದನ್ನು ಓದಿದರೆ ಹೊಟ್ಟೆ ತುಂಬೀತೇ ಎಂದು ತಂದೆತಾಯಿಗಳು ಚಿಂತಿಸುವುದು ಸಹಜ. ಇದನ್ನು ಮರೆಮಾಚಿ ಹೇಳಲಾರೆವು. ಇಂಜಿನಿಯರಿಗೂ ವೈದ್ಯನಿಗೂ ಇರುವಷ್ಟು ಬಾಗಿಲುಗಳು ಈ ವಿದ್ಯೆಗೆ ತೆರೆದಿಲ್ಲ. ಸಂಗ್ರಹಾಲಯಗಳಲ್ಲಿ ಹುದ್ದೆಗಳು ಕಡಮೆ. ದಾಖಲೆಪತ್ರಗಳ ಭಂಡಾರಗಳು, ಹಸ್ತಪ್ರತಿಗಳ ಗ್ರಂಥಾಲಯಗಳು, ಮಠಮಂದಿರಗಳ ಸಂಗ್ರಹಗಳು ಇಂಥವರನ್ನು ಬಯಸುವುದುಂಟು. ಆದರೂ ಕಾದುಕೊಂಡಿರುವ ತಾಳ್ಮೆ ಬೇಕು. ಶ್ರದ್ಧೆಯುಳ್ಳ ಹುಡುಗನೋ ಹುಡುಗಿಯೋ ತಾನಾಗಿ ಈ ದಾರಿಯನ್ನು ಕೇಳಿದರೆ, ನಿಜಸ್ಥಿತಿಯನ್ನು ತಿಳಿಸಿ, ಮೇಲೆ ಅಡ್ಡಬರದಿರುವುದೇ ಹಿರಿಯರಿಗೆ ಲೇಸು.

ವಿಶ್ವವಿದ್ಯಾನಿಲಯಕ್ಕೆ ಹೋಗಲಾರದ ಗೃಹಸ್ಥರೂ ಈ ಶಾಸ್ತ್ರದ ಮೊದಲ ಪಾಠವನ್ನು ಮನೆಯಲ್ಲಿಯೇ ಆಚರಿಸಬಹುದು. ತಾಮ್ರಶಾಸನವಿದ್ದರೆ ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಬೇಡಿರಿ, ಅಕ್ಷರಗಳು ಸವೆಯುತ್ತವೆ. ಹರಿದ ಕಾಗದಕ್ಕೆ ಅಂಟುಪಟ್ಟಿಯನ್ನು ಹಚ್ಚಬೇಡಿರಿ. ಅಂಟು ಹಳದಿಯಾಗಿ ಕಾಗದವನ್ನೇ ಕೆಡಿಸುತ್ತದೆ. ಜರಿಯ ಸೀರೆಯನ್ನು ಗಂಜಿಯಿಲ್ಲದ ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟು, ಆಗಾಗ ತೆಗೆದು ಮಡಿಕೆಗಳನ್ನು ಬದಲಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಬಿಡುವಿನ ಮಧ್ಯಾಹ್ನ ಮನೆಯ ಹಿರಿಯರ ಬಳಿಯಲ್ಲಿ ಕುಳಿತು, ಪೆಟ್ಟಿಗೆಯಲ್ಲಿರುವ ಒಂದೊಂದನ್ನೂ ತೋರಿಸಿ, ಅವರು ಹೇಳಿದುದನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಿರಿ. ಹೆಸರು, ಊರು, ವರ್ಷ, ಇಷ್ಟಿದ್ದರೂ ಸಾಕು. ಅಜ್ಜಿಯು ಹೇಳುವ ಸ್ಥಿತಿಯಲ್ಲಿರುವಾಗಲೇ ಆ ಕೆಲಸವು ಆಗಬೇಕು. ಆತಕೂರಿನ ಕಲ್ಲಿಗೆ ಅಕ್ಷರವನ್ನು ಕೊರೆದ ಕೈಯೊಂದಿತ್ತು. ನಿಮ್ಮ ಮನೆಯ ಪೆಟ್ಟಿಗೆಗೆ ಅಂತಹ ಕೈಯು ನಿಮ್ಮದೇ ಆಗಬೇಕು.