ಕಾಣೆಯಾದವನ ಮನೆಯವಳಿಗೆ ಎಷ್ಟು ವರ್ಷ?

ಮಯ್ಯತ್ ಸಿಕ್ಕಿದರೆ ನಮಾಝ್ ಇದೆ, ಕಬರ್ ಇದೆ. ಸಿಗದಿದ್ದರೆ? 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟ್ 7 ಮೀನುಗಾರರ ಸಮೇತ ಕಾಣೆಯಾಯಿತು. ಮರುವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಕಡೆ ಸಮುದ್ರದಲ್ಲಿ ಬೋಟಿನ ಅವಶೇಷ ಸಿಕ್ಕಿತು, ಆ 7 ಮಂದಿ ಸಿಗಲಿಲ್ಲ.

ಕಡಲಿಗೆ ಹೋದವರ ಸುದ್ದಿ ಪೇಪರಿನಲ್ಲಾದರೂ ಬಂತು. ಮೇಳಿಗೆ, ತೀರ್ಥಹಳ್ಳಿ ಕಡೆಯಿಂದ ಕೆಲಸ ಅಂತ ಬಸ್ಸು ಹತ್ತಿ, ಆಮೇಲೆ ಫೋನ್ ಸ್ವಿಚ್ ಆಫ್ ಆದವನದ್ದು ಬರೋದಿಲ್ಲ. ‘ಇವತ್ತಲ್ಲ ನಾಳೆ ಬರ್ತಾನೆ’ ಅಂತ ಉಮ್ಮ ಹೇಳ್ತಾರೆ. ಮರ್ಯಾದೆಗೆ ಅಂಜಿ ಠಾಣೆಗೆ ಯಾರೂ ಹೋಗೋದಿಲ್ಲ. ಹೆಂಡತಿ ಇದ್ದತ್ ಕೂರುವಂತಿಲ್ಲ, ಇನ್ನೊಂದು ನಿಕಾಹ್ ಆಗುವಂತಿಲ್ಲ. ವಿಧವಾ ವೇತನಕ್ಕೆ ಹೋದರೆ ಮರಣ ಪ್ರಮಾಣಪತ್ರ ಕೇಳ್ತಾರೆ.

ಗಂಡನ ಮರಣ ಖಚಿತವಾಗುವ ತನಕ ಕಾಯಬೇಕು ಎಂಬುದು ನಮ್ಮ ಶಾಫಿಈ ಮದ್‌ಹಬ್‌ನ ಬಲವಾದ ಅಭಿಪ್ರಾಯ. ಮಾಲಿಕಿಗಳು 4 ವರ್ಷ ಅನ್ನುತ್ತಾರೆ. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಹಿಡಿದದ್ದು ಈ ದಾರಿಯನ್ನು: 4 ವರ್ಷ ಗಂಡನ ಪತ್ತೆ ಇಲ್ಲದಿದ್ದರೆ ಹೆಂಡತಿ ಕೋರ್ಟಿಗೆ ಹೋಗಬಹುದು. ಡಿಕ್ರಿ ಆದರೂ 6 ತಿಂಗಳು ಜಾರಿಗೆ ಬರೋದಿಲ್ಲ. ಅಷ್ಟರಲ್ಲಿ ಗಂಡ ಬಂದು ಸಂಸಾರ ಮಾಡಲು ತಯಾರೆಂದು ಕೋರ್ಟಿಗೆ ಒಪ್ಪಿಸಿದರೆ ಡಿಕ್ರಿ ರದ್ದು. ಅವನು ಸತ್ತನೆಂದು ಕಾನೂನು ಭಾವಿಸಬೇಕಾದರೆ 7 ವರ್ಷ ಬೇಕು. ಆಸ್ತಿ ಪಾಲಿನ ಮಾತು ಅದರ ಮೇಲೆ.

ಈ ವರ್ಷಗಳನ್ನು ಎಲ್ಲಿಂದ ಎಣಿಸೋದು ಅಂತ ತೋರಿಸಲು ಠಾಣೆಯ ದೂರಿನ ಪ್ರತಿಯಷ್ಟು ಗಟ್ಟಿ ಕಾಗದ ಬೇರೆ ಇಲ್ಲ. ಜಮಾಅತ್ ಕಮಿಟಿಯವರು ದುಆ ಮಾಡಿಸಿ ಸುಮ್ಮನಾಗದೆ, ಆ ಉಮ್ಮನ ಜೊತೆ ಒಮ್ಮೆ ಠಾಣೆ ತನಕ ಹೋಗಿಬರಬಹುದಲ್ಲ?