ಹೆಸರಿಲ್ಲದವನ ಮಾತು

ಆಕಾಶದಲ್ಲಿ ತೇಲುವ ಪುಷ್ಪಕವಿಮಾನವನ್ನೂ ಕುಂಭಗಳಲ್ಲಿ ಬೆಳೆದ ಕೌರವರನ್ನೂ ಮರುಮಾತಿಲ್ಲದೆ ಒಪ್ಪಿಕೊಂಡ ನಾವು, ಪ್ರಯೋಗಶಾಲೆಯಲ್ಲಿ ಹುಟ್ಟಿದ ಮನುಷ್ಯನ ಕಥೆ ಎದುರಾದರೆ ಮಾತ್ರ ಹುಬ್ಬು ಗಂಟಿಕ್ಕುತ್ತೇವೆ. ವೈಜ್ಞಾನಿಕ ಕಾದಂಬರಿಯೆಂಬುದು ಹುಡುಗರ ಓದು, ಅದರ ಚಲಚ್ಚಿತ್ರ ರಜಾದಿನದ ವಿನೋದ ಎಂದು ಬಹುಕಾಲ ನಾನೂ ನಂಬಿದ್ದೆ. ಆ ನಂಬಿಕೆಯನ್ನು ಕಳೆದವನು ನನ್ನ ತರಗತಿಯ ಒಬ್ಬ ವಿದ್ಯಾರ್ಥಿ. ನನ್ನ ಅಜ್ಞಾನ ಬಯಲಾದ ಕಥೆಯಾದರೂ ಅದನ್ನು ಹೇಳಿಕೊಳ್ಳುವುದರಲ್ಲಿ ಸಂಕೋಚವಿಲ್ಲ.

ವಿಜ್ಞಾನದ ದುರುಪಯೋಗವನ್ನು ಕುರಿತು ಪಾಠ ಹೇಳುವಾಗಲೆಲ್ಲ ನಾನು ಫ್ರಾಂಕೆನ್‌ಸ್ಟೈನ್‌ನ ಕಥೆಯನ್ನು ಉದಾಹರಿಸುತ್ತಿದ್ದೆ. ‘ಇದು ಪಾಶ್ಚಾತ್ಯರ ಭಸ್ಮಾಸುರ, ವರ ಕೊಟ್ಟವನ ತಲೆಯ ಮೇಲೆಯೇ ಕೈಯಿಡಲು ಬಂದವನು’ ಎಂಬುದು ವರ್ಷವರ್ಷವೂ ತಪ್ಪದೆ ಬರುತ್ತಿದ್ದ ವಾಕ್ಯ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಭಸ್ಮಾಸುರನನ್ನು ಶಿವ ಹುಟ್ಟಿಸಿರಲಿಲ್ಲವಲ್ಲ? ಹುಟ್ಟಿಸಿ ಕೈಬಿಟ್ಟ ಕಥೆಯಾದರೆ ಕರ್ಣನಲ್ಲವೆ?” ಎಂದ. ಉತ್ತರ ಹೇಳಲು ನನಗೆ ತಿಳಿಯಲಿಲ್ಲ. ಏಕೆಂದರೆ ನಾನು ಚಿತ್ರವನ್ನು ನೋಡಿದ್ದೆ, ಪುಸ್ತಕವನ್ನು ಓದಿರಲಿಲ್ಲ. ಆ ಹುಡುಗ ಓದಿದ್ದ.

ಅಂದೇ ಗ್ರಂಥಾಲಯದಿಂದ ಪುಸ್ತಕ ತಂದೆ. 1816ರ ಬೇಸಗೆಯಲ್ಲಿ ಜಿನೀವಾ ಸರೋವರದ ದಂಡೆಯಲ್ಲಿ ಮಳೆಯ ಕಾರಣದಿಂದ ಮನೆಯೊಳಗೆ ಉಳಿಯಬೇಕಾಗಿ ಬಂದ ಗೆಳೆಯರು ಒಬ್ಬೊಬ್ಬರೂ ಒಂದೊಂದು ಭೂತದ ಕಥೆ ಬರೆಯಬೇಕೆಂದು ಪಂದ್ಯ ಕಟ್ಟಿದರು. ಬೈರನ್, ಷೆಲ್ಲಿಯಂಥ ಕವಿಗಳಿದ್ದ ಆ ಕೂಟದಲ್ಲಿ 18 ವರ್ಷದ ಮೇರಿಯ ಮನಸ್ಸಿನಲ್ಲಿ ಮೊಳೆತ ಕಥೆ 1818ರಲ್ಲಿ, ಲೇಖಕಿಯ ಹೆಸರಿಲ್ಲದೆ, ಅಚ್ಚಾಯಿತು. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯನ್ನು ಕಳೆದುಕೊಂಡವಳು, 1815ರಲ್ಲಿ ತನ್ನ ಚೊಚ್ಚಲು ಕೂಸನ್ನೂ ಕಳೆದುಕೊಂಡವಳು ಆಕೆ. ಹುಟ್ಟು ಮತ್ತು ಅನಾಥತ್ವ ಆಕೆಗೆ ಕಲ್ಪನೆಯ ವಿಷಯಗಳಾಗಿರಲಿಲ್ಲ.

ಕಾದಂಬರಿಯಲ್ಲಿ ವಿಕ್ಟರ್ ಫ್ರಾಂಕೆನ್‌ಸ್ಟೈನ್ ತಾನು ಜೀವ ತುಂಬಿದ ದೇಹ ಕಣ್ಣು ತೆರೆಯುತ್ತಲೇ ಅದರ ವಿಕಾರಕ್ಕೆ ಹೇಸಿ ಕೋಣೆಯಿಂದ ಓಡಿಹೋಗುತ್ತಾನೆ. ಹೆಸರನ್ನೂ ಇಡುವುದಿಲ್ಲ. ಇಂದು ಲೋಕವೆಲ್ಲ ಫ್ರಾಂಕೆನ್‌ಸ್ಟೈನ್ ಎಂದು ಕರೆಯುವುದು ಆ ಜೀವಿಯನ್ನು. ಹೆಸರು ಮಾತ್ರ ಬಿಟ್ಟೋಡಿದವನದು. ಹೆಸರಿಲ್ಲದ ಈ ಜೀವಿ ಒಂದು ಹಳ್ಳಿಮನೆಗೆ ಅಂಟಿಕೊಂಡ ಗುಡಿಸಲಲ್ಲಿ ಅವಿತು, ಗೋಡೆಯ ಬಿರುಕಿನಿಂದ ಆ ಸಂಸಾರವನ್ನು ನೋಡುತ್ತ ಮಾತು ಕಲಿಯುತ್ತದೆ. ಸಿಕ್ಕಿದ ಪುಸ್ತಕಗಳಲ್ಲಿ ಮಿಲ್ಟನ್ನನ ಮಹಾಕಾವ್ಯವನ್ನು ಓದುತ್ತದೆ. ಧೈರ್ಯ ಮಾಡಿ ಮನೆಯ ಕುರುಡು ಮುದುಕನ ಬಳಿ ಹೋದಾಗ ಆತ ಆದರದಿಂದಲೇ ಮಾತಾಡುತ್ತಾನೆ. ಕಣ್ಣಿದ್ದವರು ಬಂದು ಬಡಿದಟ್ಟುತ್ತಾರೆ. ಮುಂದೆ ಹಿಮನದಿಯ ನಡುವೆ ಸೃಷ್ಟಿಕರ್ತನನ್ನು ನಿಲ್ಲಿಸಿಕೊಂಡು ತನ್ನ ಕಥೆಯನ್ನೆಲ್ಲ ಹೇಳಿ, ತನ್ನಂಥ ಒಬ್ಬ ಸಂಗಾತಿಯನ್ನು ಬೇಡುವ ಭಾಗವೇ ಕಾದಂಬರಿಯ ಹೃದಯವೆಂದು ನನ್ನ ಭಾವನೆ.

1931ರಲ್ಲಿ ಜೇಮ್ಸ್ ವೇಲ್ ನಿರ್ದೇಶಿಸಿದ ಚಿತ್ರ ಈ ಹೃದಯವನ್ನೇ ತೆಗೆದುಹಾಕಿತು. ಅಲ್ಲಿ ಆ ಜೀವಿಗೆ ಮಾತಿಲ್ಲ, ಗುರುಗುಟ್ಟುವುದಷ್ಟೆ. ಇನ್ನೂ ದೊಡ್ಡ ಬದಲಾವಣೆಯೊಂದಿದೆ. ಸಹಾಯಕನು ಒಳ್ಳೆಯ ಮೆದುಳಿನ ಬದಲು ಅಪರಾಧಿಯ ಮೆದುಳನ್ನು ಕದ್ದು ತರುತ್ತಾನೆ. ಕಾದಂಬರಿಯಲ್ಲಿ ಸಹಾಯಕನೂ ಇಲ್ಲ, ಕಳ್ಳತನವೂ ಇಲ್ಲ. ಈ ಒಂದು ಸೇರ್ಪಡೆಯಿಂದ ಕಥೆಯ ನೀತಿಯೇ ತಲೆಕೆಳಗಾಯಿತು. ಮೇರಿಯ ಕಥೆಯಲ್ಲಿ ಕೇಡು ಹುಟ್ಟಿದ್ದು ತೊರೆದುದರಿಂದ; ಚಿತ್ರದಲ್ಲಿ ಮೆದುಳಿನಿಂದ. ಹುಟ್ಟುಗುಣವೇ ಕೆಟ್ಟದ್ದೆಂದ ಮೇಲೆ ಹುಟ್ಟಿಸಿದವನಿಗೆ ಯಾವ ಹೊಣೆ?

ಆದರೂ ಚಿತ್ರವನ್ನು ತೀರ ಹಳಿಯಲಾರೆ. ಛಾವಣಿ ತೆರೆದು ಬೆಳಕು ಬಿದ್ದಾಗ ಬೋರಿಸ್ ಕಾರ್ಲಾಫ್ ಅದನ್ನು ಹಿಡಿಯಲೆಂಬಂತೆ ಎರಡೂ ಕೈಗಳನ್ನು ಮೇಲಕ್ಕೆತ್ತುವ ದೃಶ್ಯ ಪುಟಗಟ್ಟಲೆ ಮಾತಿಗೆ ಸಮ. ಕೊಳದ ಬಳಿ ಹುಡುಗಿಯೊಬ್ಬಳು ಅವನೊಡನೆ ಹೂಗಳನ್ನು ನೀರಿಗೆಸೆದು ಆಡುತ್ತಾಳೆ. ಹೂ ಮುಗಿದಾಗ, ಅವಳೂ ತೇಲುವಳೆಂದು ನಂಬಿ ಅವಳನ್ನೇ ಎಸೆದುಬಿಡುತ್ತಾನೆ. ಈ ಎಸೆತವನ್ನು ಕ್ರೂರವೆಂದು ಕತ್ತರಿಸಿದ್ದರಿಂದ ಅನೇಕ ವರ್ಷ ಪ್ರೇಕ್ಷಕರು ಕಂಡದ್ದು ಚಾಚಿದ ಕೈಗಳನ್ನೂ ಆಮೇಲೆ ಮಗುವಿನ ಶವವನ್ನೂ ಮಾತ್ರ. ಅವನ ಅರಿಯದ ತಪ್ಪನ್ನು ಕತ್ತರಿಯೇ ಘೋರ ಪಾತಕವಾಗಿಸಿತು. 1935ರ ಮುಂದಿನ ಚಿತ್ರದಲ್ಲಿ ಅದೇ ನಿರ್ದೇಶಕ ಅವನಿಗೆ ಕೆಲವು ತೊದಲು ಮಾತುಗಳನ್ನು ಹಿಂದಿರುಗಿಸಿದ. ಆ ಚಿತ್ರ ಮೊದಲಿನದಕ್ಕಿಂತ ಹಿರಿದೆನ್ನಲು ನನಗೆ ಅಷ್ಟೇ ಕಾರಣ ಸಾಕು.

ಕಾದಂಬರಿಯ ಜೀವಿ ನಿರಪರಾಧಿಯೆಂದು ನಾನು ವಾದಿಸುವುದಿಲ್ಲ. ಅವನು ಮಗುವನ್ನು ಕೊಂದಿದ್ದಾನೆ. ಮದುವೆಯ ರಾತ್ರಿಯೇ ಮದುಮಗಳನ್ನು ಕೊಂದಿದ್ದಾನೆ. ಆದರೆ ಕೊಂದವನ ಮಾತನ್ನೂ ಪೂರ್ತಿ ಕೇಳಿ ಆಮೇಲೆ ತೀರ್ಪು ಕೊಡಿ ಎನ್ನುವುದು ಸಾಹಿತ್ಯದ ಧರ್ಮ. ಕರ್ಣನ ವಿಷಯದಲ್ಲಿ ಪಂಪ ಮಾಡಿದ್ದೂ ಅದನ್ನೇ. ಅದ್ಭುತ ಕಥೆಯ ಬೆಲೆಯನ್ನು ಅದರ ಯಂತ್ರಗಳಿಂದ ಅಳೆಯಬಾರದು. ಆ ಯಂತ್ರದ ಮುಂದೆ ನಿಂತ ಮನುಷ್ಯ ಯಾವ ಹೊಣೆ ಹೊತ್ತ, ಯಾವುದರಿಂದ ಓಡಿಹೋದ ಎಂಬುದರಿಂದ ಅಳೆಯಬೇಕು. ಮಾತಾಡುವ ಯಂತ್ರಗಳನ್ನು ಮಾಡತೊಡಗಿರುವ ಈ ಕಾಲದಲ್ಲಿ ಆ ಪ್ರಶ್ನೆಯನ್ನು ಹುಡುಗರ ಓದೆಂದು ತಳ್ಳಿಬಿಡಲು ನನಗೆ ಧೈರ್ಯವಿಲ್ಲ.

ಮರುವಾರ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ. “ಆದರೂ ಕರ್ಣನಿಗಿಂತ ಇವನೇ ನಿರ್ಭಾಗ್ಯ” ಎಂದೆ. “ಕರ್ಣನನ್ನು ಎತ್ತಿ ಸಾಕಲು ರಾಧೆಯಿದ್ದಳು. ಯುದ್ಧದ ಮುನ್ನವಾದರೂ ಕುಂತಿ ಬಂದು ‘ಮಗನೆ’ ಎಂದಳು. ಇವನಿಗೆ ರಾಧೆಯೂ ಇಲ್ಲ. ವಿಕ್ಟರ್ ಸಾಯುವವರೆಗೂ ಆ ಒಂದು ಮಾತನ್ನಾಡಲಿಲ್ಲ.”

ಹಿಂದಿನ ಬೆಂಚಿನ ಹುಡುಗ ಈ ಬಾರಿ ಏಳಲಿಲ್ಲ. ನನ್ನ ಹಳೆಯ ಟಿಪ್ಪಣಿಯಲ್ಲಿದ್ದ ಭಸ್ಮಾಸುರನನ್ನು ಆ ಸಂಜೆಯೇ ಹೊಡೆದುಹಾಕಿದೆ.